ಬಾಟಲಿ ತಂದವರಿಗಷ್ಟೇ ಹೀಟರ್

ಬಂದ ಗಿರಾಕಿಯನ್ನು ಬಾಗಿಲಿನಿಂದಲೇ ವಾಪಸ್ ಕಳಿಸುವ ಸ್ಪರ್ಧೆಯನ್ನು ಯಾರಾದರೂ ಏರ್ಪಡಿಸಿದರೆ, ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಪರವಾಗಿ ನಮ್ಮ ಕಾಕಾ ಒಬ್ಬರೇ ಹೋಗಿ ಗೆದ್ದು ಬರುತ್ತಾರೆ! ಎರಡನೆಯ ಬಹುಮಾನವೂ ಅವರಿಗೇ. ಅವರ ಎದುರು ನಿಲ್ಲುವವರು ಇನ್ಯಾರಿದ್ದಾರೆ?

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಆಳಂದದಲ್ಲಿ ಅವರದೊಂದು ಹೀಟರ್ ಅಂಗಡಿ. ಸ್ನಾನದ ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಅಲ್ಲ. ಎಣ್ಣೆ ಮಿಲ್ಲು, ಡೇರಿ, ಲಾಡ್ಜುಗಳ ಟ್ಯಾಂಕಿನೊಳಗೆ ಕೂರಿಸುವ ದೊಡ್ಡ ಹೀಟರುಗಳು. ಕಲಬುರಗಿಯಲ್ಲಿದ್ದ ಖಾಸಗಿ ಕೆಲಸ ಹೋದಾಗ ನನಗೆ ನಲವತ್ತು. ಹೆಂಡತಿ, ಇಬ್ಬರು ಮಕ್ಕಳ ಸಮೇತ ಈ ಅಂಗಡಿಗೆ ಬಂದು ಬಿದ್ದೆ. ಮಕ್ಕಳಿಲ್ಲದ ಕಾಕಾ, "ಇದು ನಿಂದೇ ಅಂತ ತಿಳ್ಕೊ" ಎಂದರು. ತಿಳಿದುಕೊಂಡೆ. ಆ ಅಂಗಡಿಯಲ್ಲಿ ವ್ಯಾಪಾರ ಒಂದನ್ನು ಬಿಟ್ಟು ಮಿಕ್ಕೆಲ್ಲ ನಡೆಯುತ್ತದೆ ಎಂಬುದನ್ನೂ ಮೊದಲ ವಾರದಲ್ಲೇ ತಿಳಿದುಕೊಂಡೆ.

ಬೇರೆ ಅಂಗಡಿಗಳಲ್ಲಿ "ಎಷ್ಟು ಕಿಲೋವ್ಯಾಟ್ ಬೇಕ್ರಿ?" ಎಂದು ಕೇಳುತ್ತಾರೆ. ಕಾಕಾ ಕೇಳುವುದು, "ಬಾಟಲಿ ಎಲ್ಲದ?" ಕಾಯಿಸಬೇಕಾದ ವಸ್ತು ಎಣ್ಣೆಯೋ, ನೀರೋ, ಹಾಲೋ, ಅದನ್ನು ಒಂದು ಬಾಟಲಿಯಲ್ಲಿ ತಂದು ತೋರಿಸಬೇಕು. ತರದವರು ನಲವತ್ತು ಕಿಲೋಮೀಟರ್ ದೂರದಿಂದ ಬಂದಿದ್ದರೂ ಸರಿ, ಬಂದ ದಾರಿಗೆ ಸುಂಕವಿಲ್ಲ.

ತಂದವರ ಗತಿಯಾದರೂ ಏನು? ಕಾಕಾ ಎರಡು ಹನಿ ಬೆರಳಿಗೆ ಹಾಕಿಕೊಂಡು ಹೆಬ್ಬೆರಳಿನಿಂದ ಉಜ್ಜುತ್ತಾರೆ, ಮೂಸುತ್ತಾರೆ. ಆಮೇಲೆ ಅಂಗಡಿಯ ಹಿಂದಿರುವ ಮನೆಗೆ ಹೋಗಿ ಕಾಕುವಿನ, ಅಂದರೆ ತಮ್ಮ ಹೆಂಡತಿಯ, ರೊಟ್ಟಿ ತವೆಯ ಮೇಲೆ ಒಂದು ಚಮಚ ಸುರಿದು, ಅದು ಎಷ್ಟು ಹೊತ್ತಿಗೆ ಕಪ್ಪಾಗುತ್ತದೆ ಎಂದು ಕೂತು ನೋಡುತ್ತಾರೆ.

"ನಿನ್ನೆ ಗಾಡಿ ಆಯಿಲ್, ಇವತ್ತ ಡಾಂಬರು! ನಾಳಿಗಿ ಏನ್ ಸುರೀತೀರಿ?" ಎಂದು ಕಾಕು ಕೂಗುತ್ತಾರೆ.

"ನಾಳಿಗಿ ಕುಸುಬಿ ಎಣ್ಣಿ ಬರ್ತದ. ಅದರಾಗ ನಿನ್ನ ರೊಟ್ಟಿಗಿ ರುಚಿ ಬರ್ತದ, ಸುಮ್ಮನಿರು."

ಕಾಕು ಸಾಕಾಗಿ ಎರಡನೆಯ ತವೆ ತಂದರು. ಹೋಲಿಸಿ ನೋಡಲು ಅನುಕೂಲವಾಯಿತೆಂದು ಕಾಕಾ ಅದನ್ನೂ ಎತ್ತಿಕೊಂಡು ಹೋದರು! ನಮ್ಮ ಮನೆಯ ಜೋಳದ ರೊಟ್ಟಿಯಲ್ಲಿ ಗ್ರೀಸಿನ ವಾಸನೆ ಬಂದರೆ ಈಗ ಯಾರೂ ಮಾತಾಡುವುದಿಲ್ಲ, ಇನ್ನೊಂದಿಷ್ಟು ಶೇಂಗಾ ಹಿಂಡಿ ಚಟ್ನಿ ಹಚ್ಚಿಕೊಳ್ಳುತ್ತೇವೆ.

ಇದರ ಹಿಂದೊಂದು ಶಾಸ್ತ್ರವಿದೆ. ಬೇಡವೆಂದರೂ ಕಾಕಾ ಹೇಳಿಯೇ ಬಿಡುತ್ತಾರೆ. ಆರು ಕಿಲೋವ್ಯಾಟಿನ ಹೀಟರ್ ಮೊಳದುದ್ದಕ್ಕೂ ಸಿಗುತ್ತದೆ, ಮಾರುದ್ದಕ್ಕೂ ಸಿಗುತ್ತದೆ. ಒಟ್ಟು ಬಿಸಿ ಎರಡರದೂ ಒಂದೇ. ಆದರೆ ಗಿಡ್ಡ ಹೀಟರಿನ ಮೈ ಕಡಿಮೆ, ಹಾಗಾಗಿ ಮೈಯ ಒಂದೊಂದು ಇಂಚಿನ ಮೇಲೂ ಬಿಸಿ ಹೆಚ್ಚು.

"ನೀರು ಉಡಾಳ ಇದ್ದಂಗ. ಬಿಸಿ ಹತ್ತಿದ ಕೂಡಲೇ ಮ್ಯಾಲ ಓಡ್ತದ. ದಪ್ಪ ಎಣ್ಣಿ, ಬೆಲ್ಲದ ಪಾಕ ಮೈಗಳ್ಳ. ಹೀಟರಿಗಿ ಅಂಟಿಕೊಂಡು ನಿಂತಲ್ಲೇ ನಿಂತು ಸುಡ್ತದ. ಚದರ ಸೆಂಟಿಮೀಟರಿಗಿ ಎಷ್ಟು ವ್ಯಾಟ್, ಅದನ್ನ ಕೇಳ್ರಿ. ಬರೇ ಕಿಲೋವ್ಯಾಟ್ ಕೇಳಬ್ಯಾಡ್ರಿ."

ಕೊನೆಗೆ ಒಂದು ಮಾತು ಸೇರಿಸುತ್ತಿದ್ದರು: "ನಾ ಆರಿಸಿಕೊಟ್ಟ ಹೀಟರ್ ಇವತ್ತಿನ ತನಕ ಒಂದೂ ಸುಟ್ಟಿಲ್ರಿ." ಬೇರೆಯವರು ಹೊಲ, ಮನೆ, ಬಂಗಾರ ಮಾಡಿಕೊಂಡಿದ್ದರು. ಕಾಕಾ ಜನ್ಮವೆಲ್ಲ ದುಡಿದು ಸಂಪಾದಿಸಿದ್ದು ಆ ಒಂದು ಹೆಸರನ್ನು ಮಾತ್ರ. ಅದರಿಂದ ನನ್ನ ಮಕ್ಕಳ ಹೊಟ್ಟೆ ತುಂಬುತ್ತದೆಯೇ?

ಇಜೇರಿಯಿಂದ ಒಬ್ಬರು ಡೇರಿಯವರು ಬಂದರು. ಪಾಪ, ಬಾಟಲಿ ತಂದಿದ್ದರು. ಕಾಕಾ ಹಾಲನ್ನು ಬೆರಳಲ್ಲಿ ಉಜ್ಜಿ, ಬಹಳ ಗಂಭೀರವಾಗಿ, "ಇದಕ್ಕ ಹಾಲಿನ ಹೀಟರ್ ಬ್ಯಾಡ್ರಿ. ನೀರಿನ ಹೀಟರೇ ಬರೋಬರ್ ಆಗ್ತದ" ಎಂದರು. ಆ ಮನುಷ್ಯ ಬಾಟಲಿಯನ್ನೂ ಬಿಟ್ಟು ಹೋದರು. ಆ ಹಾಲಿನಲ್ಲಿ ಕಾಕು ಚಹಾ ಮಾಡಿದರು. ಕಾಕಾನ ಮಾತು ನಿಜವೇ ಇತ್ತು.

ಗಾಣಗಾಪುರದ ಲಾಡ್ಜಿನ ಮಾಲೀಕರನ್ನಂತೂ ನಾನೇ ಕೈಕಾಲು ಹಿಡಿದು ಕರೆತಂದಿದ್ದೆ. ಕಾಕಾ ಅವರ ಬೋರಿನ ನೀರು ಕುದಿಸಿ, ತಳದ ಬಿಳಿ ಸುಣ್ಣ ಕೆರೆದು ತೋರಿಸಿದರು. "ಇದು ಹೀಟರಿಗಿ ಗಟ್ಟಿ ಹತ್ತತದ್ರಿ. ಹತ್ತಿದ ಮ್ಯಾಲ ಒಳಗಿನ ಬಿಸಿ ಹೊರಗ ಬರಂಗಿಲ್ಲ, ಹೀಟರೇ ಸುಡ್ತದ. ಕಮ್ಮಿ ಕಿಲೋವ್ಯಾಟಿಂದು, ಉದ್ದಂದು ಹಾಕ್ರಿ, ನಸುಕಿನಾಗೇ ಚಾಲೂ ಮಾಡ್ರಿ."

"ಭಕ್ತರು ಕಾಯಂಗಿಲ್ರಿ. ಹತ್ತು ನಿಮಿಷದಾಗ ನೀರು ಬಿಸಿ ಆಗಬೇಕು."

"ದೇವರ ದರ್ಶನಕ್ಕ ಎರಡ್ ತಾಸು ಪಾಳಿ ನಿಲ್ಲೋರು ನೀರಿಗಿ ಅರ್ಧ ತಾಸು ನಿಲ್ಲಂಗಿಲ್ಲೇನ್ರಿ?"

ಲಾಡ್ಜಿನವರು ಎದ್ದು ಹೋದರು. ನಾನು ಆ ದಿನ ಊಟ ಮಾಡಲಿಲ್ಲ. ಕಾಕಾ ಎರಡು ರೊಟ್ಟಿ ಹೆಚ್ಚು ತಿಂದರು.

ಹೊಟ್ಟೆ ಉರಿಯುತ್ತಿದ್ದ ಅದೇ ದಿನಗಳಲ್ಲಿ ಅಫಜಲಪುರದ ಸಾವಕಾರರೊಬ್ಬರು ಬಂದರು. ಕಬ್ಬಿನ ಹಾಲನ್ನು ಕಾಯಿಸಿ ದ್ರವ ಬೆಲ್ಲ ಮಾಡಿ ಬಾಟಲಿಯಲ್ಲಿ ಮಾರುವವರು. ತುಂಬುವಾಗ ಪಾಕ ಗಟ್ಟಿಯಾಗದಂತೆ ಟ್ಯಾಂಕಿನಲ್ಲಿ ಬೆಚ್ಚಗಿಡಲು ಆರು ಕಿಲೋವ್ಯಾಟಿನ ಹೀಟರ್ ಬೇಕಿತ್ತು. ಕಾಕಾ ಲೆಕ್ಕ ಹಾಕಿ ತೆಗೆದ ಉದ್ದದ ಹೀಟರ್ ಆ ಸಣ್ಣ ಟ್ಯಾಂಕಿನಲ್ಲಿ ಹಿಡಿಸುವಂತಿರಲಿಲ್ಲ. "ಟ್ಯಾಂಕ್ ಬದಲಿ ಮಾಡ್ರಿ, ಇಲ್ಲಾಂದ್ರ ಕಮ್ಮಿ ಕಿಲೋವ್ಯಾಟ್ ಹಾಕಿ ನಿಧಾನ ಕಾಯಿಸ್ರಿ" ಎಂದುಬಿಟ್ಟರು. ಸಾವಕಾರರು ಗೊಣಗುತ್ತ ಹೋದರು.

ಮರುವಾರ ಕಾಕಾ, ಕಾಕು ಯಡ್ರಾಮಿಗೆ ಮದುವೆಗೆ ಹೋಗಿದ್ದಾಗ ಸಾವಕಾರರು ಮತ್ತೆ ಬಂದರು. ಅಂಗಡಿಯಲ್ಲಿ ನೀರಿಗೆಂದು ಇಟ್ಟಿದ್ದ ಗಿಡ್ಡ ಹೀಟರ್ ಒಂದಿತ್ತು. ಅದೂ ಆರೇ ಕಿಲೋವ್ಯಾಟ್. ಆರು ಅಂದರೆ ಆರೇ ಅಲ್ಲವೇ?

"ನಿಮ್ ಕಾಕಾ ಒಪ್ಪ್ಯಾರೇನ್ರಿ?" ಎಂದು ಅವರು ಕೇಳಿದರು.

"ಲೆಕ್ಕ ತಿರುಗಿ ಮಾಡಿ ಅವರೇ ತೆಗೆದಿಟ್ಟು ಹೋಗ್ಯಾರ್ರಿ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಹೀಟರನ್ನು ನಾನೇ ಅವರ ಗಾಡಿಗೆ ಏರಿಸಿ ಬಂದೆ. ಒಂದು ವ್ಯಾಪಾರ ಮಾಡಿದೆನೆಂಬ ಖುಷಿಯಲ್ಲಿ ಮಕ್ಕಳಿಗೆ ಸಿಹಿ ಒಯ್ದೆ.

ಎಂಟೇ ದಿನಕ್ಕೆ ಸಾವಕಾರರು ಗೋಣಿಚೀಲದೊಂದಿಗೆ ಬಂದು ಅದನ್ನು ಕಾಕಾನ ಮುಂದೆ ಸುರಿದರು. ಹೀಟರಿನ ಸುತ್ತ ಪಾಕ ಇದ್ದಿಲಾಗಿ ಕಚ್ಚಿಕೊಂಡಿತ್ತು, ಕೊಳವೆ ಸೀಳಿತ್ತು. ಟ್ಯಾಂಕಿನ ಬೆಲ್ಲವೆಲ್ಲ ಕರಕಾಗಿ, ಬಾಯಿಗಿಟ್ಟರೆ ಬೇವಿಗಿಂತ ಕಹಿ. ಕರೆಂಟ್ ತಾನಾಗಿ ಟ್ರಿಪ್ ಆಗಿದ್ದಕ್ಕೆ ಟ್ಯಾಂಕಿನ ಬಳಿ ನಿಂತಿದ್ದ ಅವರ ತಮ್ಮ ಬದುಕಿದ್ದ.

"ನೀವೇ ತೆಗೆದಿಟ್ಟಿದ್ರಂತಲ್ರಿ! ಇದೇ ಏನ್ ನಿಮ್ ಲೆಕ್ಕ?"

ಕಾಕಾ ಆ ಗಿಡ್ಡ ಹೀಟರನ್ನು ಕೈಗೆತ್ತಿಕೊಂಡರು. ಒಮ್ಮೆ ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ.

"ಹೌದ್ರಿ, ನಾನೇ ಆರಿಸಿದ್ದು. ಲೆಕ್ಕ ತಪ್ಪಿತ್ರಿ, ತಪ್ಪಾತು" ಎಂದು ಕಾಕಾ ಕೈಮುಗಿದರು.

ಸಾವಕಾರರು ಬಾಯಿಗೆ ಬಂದಂತೆ ಬೈದರು. ರಸ್ತೆಯಲ್ಲಿ ಜನ ನಿಂತು ಕೇಳಿದರು. ಅವರು ಹೋದ ಮೇಲೆ, "ಯಾಕ ಹಂಗಂದ್ರಿ ಕಾಕಾ?" ಎಂದೆ.

"ಅದೇ ಬಿಸಿ ಸಣ್ಣ ಮೈ ಮ್ಯಾಲ ಬಿದ್ರ ಸುಡ್ತದ, ದೊಡ್ಡ ಮೈ ಮ್ಯಾಲ ಬಿದ್ರ ಹರಡಿಕೊಂಡು ಆರ್ತದ. ನೀ ಈಗ ಬಂದಾವ. ಇವತ್ತ ಈ ಬೈಗಳ ನಿನ್ನ ಮ್ಯಾಲ ಬಿದ್ದಿದ್ರ ನಾಳಿಗಿ ನಿನ್ನ ಕೈಲೆ ಯಾರೂ ಹೀಟರ್ ತಗೋತಿರಲಿಲ್ಲ."

ನಾಚಿಕೆಯಾಗಬೇಕಿತ್ತು. ನನಗೆ ಬಂದದ್ದು ಸಿಟ್ಟು. ಯಾರು ಕೇಳಿದ್ದರು ಈ ಉಪಕಾರ?

ಸುದ್ದಿ ಮೂರೂ ತಾಲ್ಲೂಕು ಸುತ್ತಿತು. ಕಾಕಾ ಬಾಟಲಿ ಕೇಳುವುದನ್ನೇ ಬಿಟ್ಟರು. ಗಿರಾಕಿಗಳು ನೇರವಾಗಿ ನನ್ನ ಬಳಿ ಬಂದು, "ಮುದುಕಪ್ಪಗ ಲೆಕ್ಕ ತಪ್ಪಲಾಕತ್ಯಾವ, ನೀವೇ ಆರಿಸಿಕೊಡ್ರಿ" ಎನ್ನತೊಡಗಿದರು. ನಾನು ಒಳಗೆ ಹೋಗಿ ಕಾಕಾನನ್ನು ಕೇಳಿ, ಹೊರಗೆ ಬಂದು ನನ್ನದೇ ಲೆಕ್ಕವೆಂಬಂತೆ ಹೇಳುತ್ತಿದ್ದೆ. ವ್ಯಾಪಾರ ಕುದುರಿತು. ಕಾಕಾ ಮೂಲೆಯ ಸ್ಟೂಲಿನಲ್ಲಿ ಕೂತು ಹಳೆಯ ಹೀಟರುಗಳ ತುಕ್ಕು ಉಜ್ಜುತ್ತಿದ್ದರು.

ಹೋದ ವಾರ ಗಾಣಗಾಪುರದ ಲಾಡ್ಜಿನವರು ಮತ್ತೆ ಬಂದರು. ಚಹಾ ಕುಡಿಯುತ್ತ ಕಾಕಾನ ಎದುರಿಗೇ ನಕ್ಕರು. "ಚಲೋ ಆತು, ಅವತ್ತ ನಿಮ್ ಕಾಕಾನ ಕೈಲೆ ತಗೊಳಿಲ್ಲ. ನಮ್ದೂ ಸುಟ್ಟು ಬೂದಿ ಆಗ್ತಿತ್ತು."

"ಖರೇ ಅದರಿ" ಎಂದರು ಕಾಕಾ, ತಲೆ ಎತ್ತದೆ.

ಆ ಎರಡು ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. "ಅಫಜಲಪುರದ ಹೀಟರ್ ಆರಿಸಿದಾವ ನಾನ್ರಿ. ಕಾಕಾ ಬ್ಯಾಡ ಅಂದಿದ್ರು. ಅವರು ಊರಾಗ ಇಲ್ಲದಾಗ ಸುಳ್ಳು ಹೇಳಿ ಮಾರೀನಿ. ಸಾವಕಾರಗೂ ನಾಳಿಗಿ ಹೋಗಿ ಹೇಳ್ತೇನಿ."

ಲಾಡ್ಜಿನವರು ನನ್ನನ್ನು ನೋಡಿದರು, ಕಾಕಾನನ್ನು ನೋಡಿದರು. ಅರ್ಧ ಚಹಾ ಅಲ್ಲೇ ಬಿಟ್ಟು ಎದ್ದು ಹೋದರು.

ಕಾಕಾ ಸ್ಟೂಲಿನಿಂದ ದಡಕ್ಕನೆ ಎದ್ದರು. "ಹುಚ್ಚ ಅದಿಯೇನಲೇ! ಕೈಗಿ ಬಂದ ಗಿರಾಕಿನ್ನ ಹಿಂಗ ಕಳಸ್ತಾರೇನು? ಇಬ್ಬರು ಮಕ್ಕಳು ಅವ ನಿನಗ, ಖಬರ್ ಅದ ಇಲ್ಲ?"

ಬೈಯುತ್ತಲೇ ಇದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ತುಕ್ಕು ಮೆತ್ತಿದ ಎರಡೂ ಕೈಗಳಿಂದ ನನ್ನ ಭುಜಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.