ಸೀರೆ ದಡಿಗೆ ಹಾಕಿದ ಮೂರು ಬೀಗ

ನಿವೃತ್ತನಾದ ಮೇಲೆ ಫಜೀತಿಗಳು ಕಡಿಮೆಯಾಗುತ್ತವೆ ಅಂತ ತಿಳಿದಿದ್ದೆ. ದೇವರ ದಯೆ, ನೌಕರಿಯಲ್ಲಿದ್ದಾಗಿನದಕ್ಕಿಂತ ಹೆಚ್ಚೇ ಒದಗಿ ಬರುತ್ತಿವೆ.

ಬೆಟಗೇರಿಯ ಕೈಮಗ್ಗ ಸಂಘದಲ್ಲಿ ಮ್ಯಾನೇಜರನಾಗಿದ್ದವನು ನಾನು. ಈಗಲೂ ಸಂಘದ ಇಮೇಲ್ ನನ್ನ ಪಾಲಿಗೇ. ನಮ್ಮ ನೇಕಾರ ಅಕ್ಕ ಒಬ್ಬರು ಹೊಸ ದಡಿಯ, ಅಂದರೆ ಸೀರೆಯಂಚಿನ, ನಮೂನೆ ಬರೆದರು. ಅದನ್ನು ಸೀರೆ ಕೊಳ್ಳುವ ವ್ಯಾಪಾರಿಗೆ ಮೇಲ್ ಮಾಡಬೇಕಿತ್ತು. ಹಿಂದಿನ ನಮೂನೆ ಹೇಗೋ ಸೋರಿ, ಅವರ ಸೀರೆ ಮಗ್ಗದಿಂದ ಇಳಿಯುವ ಮೊದಲೇ ಅದೇ ದಡಿಯ ಬೇರೆಯವರ ಸೀರೆ ಪೇಟೆಗೆ ಬಂದಿತ್ತು. "ಈ ಸಲ ವ್ಯಾಪಾರಿ ಬಿಟ್ಟು ಯಾರ ಕಣ್ಣಿಗೂ ಬೀಳಬಾರ್ದು ಕಾಕಾ," ಎಂದರು. ಅದೇನು ದೊಡ್ಡ ಮಾತು ಎಂದು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಕಲಿಯಲು ಹೊರಟೆ.

ದಾರಿಯ ಗಂಟು

ಓಣಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಮೇಡಂ ಬಲು ತಾಳ್ಮೆಯವರು. ಟಿಎಲ್‌ಎಸ್ ಎಂಬ ಬೀಗ ಮೇಲ್ ಹೋಗುವ ದಾರಿಯನ್ನಷ್ಟೇ ಕಾಯುತ್ತದೆ, ನಡುವೆ ಮೇಲ್ ಕಂಪನಿಯ ಸರ್ವರಿನಲ್ಲಿ ಅದು ಬಿಚ್ಚಿಕೊಳ್ಳುತ್ತದೆ ಎಂದರು. ಅದನ್ನೇ ಅಕ್ಕನಿಗೆ ಮುಂಡರಗಿ ಬಸ್ಸಿನ ಉದಾಹರಣೆ ಕೊಟ್ಟು ಉದ್ದಕ್ಕೆ ವಿವರಿಸಿದೆ. ಅವರು ಮಗ್ಗ ನಿಲ್ಲಿಸಲೂ ಇಲ್ಲ.

"ಅಂದ್ರ ಬಸ್ಸಿನ್ಯಾಗ ಗಂಟು ಕಟ್ಟಿ ಒಯ್ದು, ಸ್ಟ್ಯಾಂಡಿನ್ಯಾಗ ಹಾಸ್ಕೊಂಡು ಕುಂತಂಗಾತು."

ಪಕ್ಕದ ಮನೆಯ ಕೀಲಿ

ಮೇಡಂ ಹೇಳಿದ ಎರಡನೆಯ ಬೀಗ ಪಿಜಿಪಿ, ಪತ್ರಕ್ಕೇ ಹಾಕುವಂಥದ್ದು. ಅದಕ್ಕೆ ಎರಡು ಕೀಲಿ. ಸಾರ್ವಜನಿಕ ಕೀಲಿ ತೆರೆದ ಬೀಗವಿದ್ದಂತೆ, ಎಲ್ಲರಿಗೂ ಹಂಚಬಹುದು. ಅದನ್ನು ತೆಗೆಯುವ ಖಾಸಗಿ ಕೀಲಿ ಮಾತ್ರ ನಮ್ಮ ಹತ್ತಿರವೇ ಇರಬೇಕು.

ಊರಿಗೆ ಹೋಗುವಾಗ ಮನೆ ಕೀಲಿ ಪಕ್ಕದವರಿಗೆ ಕೊಟ್ಟು ಹೋಗುವುದು ನಮ್ಮ ಪದ್ಧತಿ. ಅದೇ ರೂಢಿಯಲ್ಲಿ, ಕಂಪ್ಯೂಟರ್ ಕೆಟ್ಟರೆ ಇರಲಿ ಅಂತ ಖಾಸಗಿ ಕೀಲಿಯನ್ನು ಲಕ್ಷ್ಮೇಶ್ವರದ ಗೆಳೆಯನಿಗೆ ಕಳಿಸಿದೆ. ಮೇಡಂ ಹೌಹಾರಿ, ಕೂಡಲೇ ಅಳಿಸಲು ಹೇಳಿರಿ ಎಂದರು. ಫೋನ್ ಮಾಡಿದೆ. ಗೆಳೆಯ ನನಗಿಂತ ಹುಷಾರಿ. ತಾನೂ ಊರಿಗೆ ಹೊರಟಿದ್ದನಾದ್ದರಿಂದ, ಅದನ್ನು ತನ್ನ ಪಕ್ಕದ ಮನೆಯವರಿಗೆ ಕಳಿಸಿಬಿಟ್ಟಿದ್ದ.

ಮೂಲ ಪ್ರತಿ

ಹೊಸ ಕೀಲಿ ಮಾಡಿದೆವು. ಎಸ್‌ಮೈಮ್ ಎಂಬ ಮೂರನೆಯ ಬೀಗವೂ ಒಂದಿದೆಯಂತೆ. ಪಿಜಿಪಿಯಲ್ಲಿ ಕೀಲಿ ಯಾರದೆಂಬುದಕ್ಕೆ ಪರಿಚಯದವರೇ ಸಾಕ್ಷಿ. ಎಸ್‌ಮೈಮ್‌ನಲ್ಲಿ ಮಾನ್ಯತೆ ಪಡೆದ ಸಂಸ್ಥೆ ಪ್ರಮಾಣಪತ್ರ ಕೊಡುತ್ತದೆ. ಪ್ರಮಾಣಪತ್ರ ಎಂದ ಕೂಡಲೇ ದೃಢೀಕರಣ ಮಾಡಿಸುವ ನನ್ನ ಹಳೆಯ ಚಟ ಎದ್ದಿತು. ಸಾರ್ವಜನಿಕ ಕೀಲಿಯನ್ನು ಪ್ರಿಂಟ್ ತೆಗೆದು, ಶಿರಹಟ್ಟಿಯ ಪರಿಚಯದ ಗೆಜೆಟೆಡ್ ಅಧಿಕಾರಿಯ ಮುಂದೆ ಇಟ್ಟೆ. ಅವರು ಹಸಿರು ಪೆನ್ನು ತೆಗೆದು, ಮೂಲ ಪ್ರತಿ ಎಲ್ಲಿ ಎಂದರು. ಕಂಪ್ಯೂಟರಿನಲ್ಲಿದೆ ಎಂದೆ.

"ತಗೊಂಡು ಬರ್ರಿ. ಎರಡೂ ಹಚ್ಚಿ ನೋಡಿ ಸಹಿ ಮಾಡ್ತೀನಿ."

ಕಂಪ್ಯೂಟರನ್ನೇ ಹೊತ್ತು ತರಲು ನಾನು ಊರಿನ ಬಸ್ಸನ್ನೂ ಹತ್ತಿಬಿಟ್ಟಿದ್ದೆ.

ವಿಷಯ

ಕೊನೆಗೆ ಪಿಜಿಪಿಯೇ ಗಟ್ಟಿಯಾಯಿತು. ವ್ಯಾಪಾರಿಯ ಸಾರ್ವಜನಿಕ ಕೀಲಿ ತರಿಸಿ, ಅದರಿಂದ ನಮೂನೆಗೆ ಬೀಗ ಜಡಿದು, ಮೇಡಂ ಮತ್ತು ಅಕ್ಕನ ಎದುರೇ ಕಳಿಸಿದೆ. ಅಕ್ಕ ಉಸಿರು ಬಿಟ್ಟರು. ಮೇಡಂ ಪರದೆ ನೋಡಿ ಹಣೆಗೆ ಕೈ ಹಚ್ಚಿದರು. ಈ ಬೀಗ ಒಳಗಿನ ಪತ್ರಕ್ಕೆ, ಲಗತ್ತಿಗೆ ಮಾತ್ರವಂತೆ. ಮೇಲಿನ ವಿಷಯದ ಸಾಲು ಯಾರಾದರೂ ಓದುವಂತೆ ಬಯಲಾಗಿಯೇ ಹೋಗುತ್ತದಂತೆ. ನನ್ನದೋ ಕಚೇರಿ ಪತ್ರ ಬರೆದು ಪಳಗಿದ ಕೈ. ಏನು ಬರೆದೀರಿ, ಓದ್ರಿ ಎಂದರು ಅಕ್ಕ. ಓದಿದೆ:

"ವಿಷಯ: ಕೆಂಪು ದಡಿಯಲ್ಲಿ ಸಾಲಾಗಿ ಕೋಳಿ, ನಡುನಡುವೆ ಬದನೆಕಾಯಿ ಇರುವ ಗುಪ್ತ ನಮೂನೆಯನ್ನು ಕಳಿಸುವ ಕುರಿತು."

ಆ ಸೀರೆ ಅಕ್ಕನ ಮಗ್ಗದಿಂದಲೇ ಮೊದಲು ಪೇಟೆ ಕಂಡಿತು. ಅದಕ್ಕೆ ಮೇಡಂಗೆ ನಾನು ಋಣಿ. ಅಕ್ಕನಿಗೆ ಇನ್ನೂ ಹೆಚ್ಚು, ಯಾಕೆಂದರೆ ಅಂದು ಬೈಯದೆ ಅವರು ಹೇಳಿದ್ದಿಷ್ಟೇ:

"ಅವು ನವಿಲು, ಕಮಲದ ಮೊಗ್ಗು ಕಾಕಾ. ಹೋಗ್ಲಿ ಬಿಡ್ರಿ, ನೀವು ಬರದಂಗ ಯಾರಾರ ನೇಯ್ದ್ರ, ಅವರ ಹೆಂಡ್ತೀನೂ ಉಡಂಗಿಲ್ಲ."