ರಘೋತ್ತಮರಾಯರ ಸ್ವಂತ ಸಾಗುವಳಿ

ಬೆಳಗಾಗೆದ್ದು ಗುಡಿಸಲ ಬಾಗಿಲು ತೆಗೆದ ರಘೋತ್ತಮರಾಯರ ಕಣ್ಣಿಗೆ ಮೊದಲು ಬಿದ್ದದ್ದು, ಎದುರಿನ ಹೊಲದಲ್ಲಿ ಅಡ್ಡ ಮಲಗಿದ್ದ ಒಂದು ರಂಟೆ, ಉಳುವ ನೇಗಿಲು. ಅಡುಗೆಮನೆಯಲ್ಲಿ ಹಾವು ಕಂಡವರ ಹಾಗೆ ಅವರು ಹೊಸ್ತಿಲ ಮೇಲೇ ನಿಂತುಬಿಟ್ಟರು.

"ಏನದು?" ಎಂದು ಒಲೆಯ ಮುಂದಿನಿಂದ ಹೆಂಡತಿ ಸುಂದರಾಬಾಯಿ ಕೇಳಿದರು.

"ರಂಟಿ."

"ಹೊಲದಾಗ ರಂಟಿ ಇರಲಾರದ ತಂಬೂರಿ ಇರ್ತದೇನು?"

"ನಮ್ಮ ರಂಟಿ ಗ್ವಾಡಿಗೆ ನಿಂತದ. ಇದು ಆ ಬಾಜೂ ಹೊಲದ ಮುದಕಪ್ಪಂದು. ನಿನ್ನೆ ಸಂಜಿಮುಂದ ಹೊತಗೊಂಡು ಹೊಂಟಿದ್ದು ನಾನಽ ನೋಡೀನಿ. ಶುರು ಆತು ನೋಡು ಇವರದು."

ರಾಯರ ಭಯಕ್ಕೆ ಕಾರಣವಿತ್ತು. ರಾಮದುರ್ಗ ಸಂಸ್ಥಾನದ ದಫ್ತರದಲ್ಲಿ ಅವರು ಕಾರಕೂನರಾಗಿದ್ದವರು. ಸಂಸ್ಥಾನ ಮುಂಬಯಿ ಸರಕಾರದಲ್ಲಿ ಸೇರಿಹೋದಾಗ ದಫ್ತರದ ಜೊತೆಗೆ ಅವರ ಕುರ್ಚಿಯೂ ಹೋಯಿತು. ಉಳಿದದ್ದು ತೊರಗಲ್ಲಿನ ಹತ್ತಿರದ ನಾಲ್ಕು ಎಕರೆ ಎರೆ ಹೊಲ. ಅದನ್ನು ಸಂಗಪ್ಪನೆಂಬವನು ಪಾಲಿಗೆ ಮಾಡುತ್ತಿದ್ದ. ಸುಗ್ಗಿ ಮುಗಿದ ಮೇಲೆ ಜೋಳದ ಚೀಲಗಳು ರಾಮದುರ್ಗದ ಮನೆಯ ಕಟ್ಟೆಗೆ ಬಂದು ಬೀಳುತ್ತಿದ್ದವು. ರಾಯರ ಒಕ್ಕಲುತನ ಆ ಕಟ್ಟೆಯಿಂದ ಕೆಳಗೆ ಇಳಿದದ್ದಿಲ್ಲ. ಈ ವರ್ಷ ಸಂಗಪ್ಪ ವಯಸ್ಸಾಯಿತೆಂದು ಹೊಲ ಬಿಟ್ಟು ಮಗಳ ಊರಿಗೆ ಹೋದ. ಇನ್ನು ತಾವೇ ಉತ್ತು ತಾವೇ ಉಣ್ಣುವುದೆಂದು ರಾಯರು ಹೆಂಡತಿಯನ್ನು ಕರೆದುಕೊಂಡು, ಸಂಗಪ್ಪ ಬಿಟ್ಟುಹೋದ ಗುಡಿಸಲಿಗೆ ಬಂದಿಳಿದಿದ್ದರು.

ಹೊರಡುವಾಗ ಗೆಳೆಯ ತ್ರ್ಯಂಬಕ ವಕೀಲರು ಕಿವಿ ಹಿಂಡಿ ಹೇಳಿದ್ದರು.

"ರಘೂ, ಕುಳಕಾಯ್ದೆ ಬಂದದ. ಇನ್ನ ಮ್ಯಾಲ ಉಳಾವಂದಽ ಹೊಲ. ನಿನ್ನ ಹೊಲದಾಗ ಬ್ಯಾರೆಯವರು ಒಂದು ಸಾಲು ಹೊಡದ್ರೂ ಸಾಕು, 'ನಾ ಇವರ ಕುಳ, ಗೇಣಿದಾರ' ಅಂತ ಎದಿ ಸೆಟಿಸಿ ನಿಂದರ್ತಾರ. ಸ್ವಂತ ಸಾಗುವಳಿ ಅಂತ ನಿನ್ನ ಪರವಾಗಿ ಅರ್ಜಿ ಕೊಟ್ಟೀನಿ. ಗುರುವಾರ ಸಂಜೀಕ ಊರ ಹೊಲದ ಲೆಕ್ಕ ಬರಿಯೂ ತಲಾಟಿ ಬಂದು ನೋಡ್ತಾನ. ಅವತ್ತ ನಿನ್ನ ಕೈ ಬಿಟ್ಟು ಇನ್ನೊಂದು ಕೈ ಆ ಮಣ್ಣಾಗ ಕಾಣಬಾರದು."

ಇವತ್ತು ಗುರುವಾರ. ಹೊಲ ಹೋದರೆ ರಾಯರ ಪಾಲಿಗೆ ಅನ್ನವೇ ಹೋದ ಹಾಗೆ.

ಅವರು ಧೋತರ ಮೇಲಕ್ಕೆ ಸಿಕ್ಕಿಸಿ, ಆ ರಂಟೆಯನ್ನು ದರದರನೆ ಎಳೆದು, ಗುಡಿಸಲನ್ನು ಸುತ್ತುಹಾಕಿ ಹಿಂದಿನ ಹೊಲದಲ್ಲಿ ಒಗೆದು ಬಂದರು.

"ಮುದಕಪ್ಪನ ರಂಟಿ ಮುದಕಪ್ಪನ ಹೊಲದಾಗ ಬಿದ್ದಿರಲಿ," ಎಂದು ಕೈ ಝಾಡಿಸಿಕೊಂಡರು.

ಆಮೇಲೆ ಎತ್ತು ಹೂಡಿದರು. ಈ ಎತ್ತುಗಳನ್ನು ಅವರು ಮುನವಳ್ಳಿ ಸಂತೆಯಲ್ಲಿ ಹಲ್ಲು ಎಣಿಸಿ, ಬಾಲ ಎಳೆದು, ಮಾರುವವನ ಮುಖವನ್ನು ಸಂಶಯದಿಂದ ಮೂರು ಸುತ್ತು ನೋಡಿ ಕೊಂಡಿದ್ದರು. ಎಡಗಡೆಯ ಎತ್ತು ಹುಟ್ಟಿದಂದಿನಿಂದ ಎಣ್ಣೆಯ ಗಾಣ ತಿರುಗಿಸಿದ್ದೆಂಬ ಸಂಗತಿ ಮಾತ್ರ ಹಲ್ಲಿನಲ್ಲಿ ಕಂಡಿರಲಿಲ್ಲ. ಅದಕ್ಕೆ ನೇರ ಎಂಬ ದಿಕ್ಕೇ ಗೊತ್ತಿರಲಿಲ್ಲ. ರಾಯರು ಬದುವಿನ ಕಡೆಗೆ ಹೊರಟರೆ ಅದು ಗುಂಡಗೆ ತಿರುಗಿ ಗುಡಿಸಲ ಕಡೆಗೆ ತಂದು ನಿಲ್ಲಿಸುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಹೊಲದ ತುಂಬ ಸಾಲುಗಳು ಜಿಲೇಬಿ ಬಿಟ್ಟ ಹಾಗೆ ಸುತ್ತಿಕೊಂಡವು.

"ನಡೀರಿ, ಸರಳ ನಡೀರಿ," ಎಂದು ರಾಯರು ಎತ್ತುಗಳನ್ನು ಬೇಡಿಕೊಂಡರು. ಕುಳಕಾಯ್ದೆ ಬಂದಂದಿನಿಂದ ಅವರು ಹೆಂಡತಿಯನ್ನು ಬಿಟ್ಟು ಯಾರನ್ನೂ ಏಕವಚನದಲ್ಲಿ ಮಾತಾಡಿಸುತ್ತಿರಲಿಲ್ಲ.

ಅಷ್ಟರಲ್ಲಿ ಮುದಕಪ್ಪ ಬಂದ. ಎತ್ತು ಹೊಡೆದುಕೊಂಡು ಬಂದವನು ರಾಯರನ್ನು ಕಂಡು ಬದುವಿನ ಮೇಲೆಯೇ ನಿಂತ.

"ಇದೇನ್ರಿ ರಾಯರ, ನೀವಽ ಹೂಡೀರಿ?"

"ಹೂಂರಿ. ನಾನಽ ಹೂಡೀನಿ," ಎಂದು ರಾಯರು ಬಾರುಕೋಲು ಬಿಗಿಹಿಡಿದರು.

"ಅಲ್ರಿ, ಇಲ್ಲಿ ನನ್ನ ರಂಟಿ ಇತ್ತು..."

"ಆ ಹೊಲದಾಗ ಇಟ್ಟೀನಿ. ಅದರದು ಏನಿದ್ರೂ ಅಲ್ಲಿ ಕೆಲಸ."

ಮುದಕಪ್ಪ ಗುಡಿಸಲ ಹಿಂದಿನ ಹೊಲ ನೋಡಿದ, ರಾಯರ ಮುಖ ನೋಡಿದ. "ಅಲ್ಲೇನ್ರಿ?"

"ಅಲ್ಲೇ."

"ಹಂಗಾರ ಇಲ್ಲಿ ನಾ..."

"ಇಲ್ಲಿ ನೀವು ಕೈ ಹಚ್ಚಬಾರದು. ಇವತ್ತ ಈ ಹೊಲದಾಗ ನಾ ಒಬ್ಬಾಂವನಽ ದುಡಿಯಾಂವ. ಕೈ ಮುಗೀತೀನಿ ಮುದಕಪ್ಪನವರ, ಬದು ಇಳೀಬ್ಯಾಡ್ರಿ."

ಮುದಕಪ್ಪನ ಕಣ್ಣಲ್ಲಿ ನೀರಾಡಿತು. ಹೊಲ ಕೈತಪ್ಪಿತೆಂದು ಅಳುತ್ತಾನೆ ಕಳ್ಳ ಎಂದುಕೊಂಡರು ರಾಯರು.

"ನಿಮ್ಮನ್ನ ನಾವು ಬ್ಯಾರೆನಽ ತಿಳಕೊಂಡಿದ್ವಿರಿ," ಎಂದು ಮುದಕಪ್ಪ ರುಮಾಲಿನ ಚುಂಗಿನಿಂದ ಕಣ್ಣೊರೆಸಿಕೊಂಡು ಊರ ಕಡೆಗೆ ನಡೆದ. ಏನು ತಿಳಿದುಕೊಂಡಿದ್ದ? ಇವರು ಪುಕ್ಕಲರು, ಹೊಲ ನುಂಗಬಹುದು ಎಂದೇ? ರಾಯರು ಆ ಮಾತನ್ನು ಬಹಳ ಹೊತ್ತು ಮೆಲುಕು ಹಾಕಿದರು.

ಬಿಸಿಲೇರುವ ಹೊತ್ತಿಗೆ ಮುದಕಪ್ಪನ ಹೆಂಡತಿ ಬಾಯವ್ವ ಬುಟ್ಟಿ ಹೊತ್ತು ಗುಡಿಸಲಿಗೆ ಬಂದಳು.

"ಅವ್ವಾರ, ಬದನೀಕಾಯಿ ತಂದೇನ್ರಿ. ನಾವು ಬೇಸಿದ್ದು ನಿಮಗ ನಡಿಯೂದಿಲ್ಲ ಅಂತ ಹಸೀವಽ ತಂದೇನಿ. ರಾಯರು ಬಿಸಿಲಾಗ ಭಾಳ ದಣೀಲಿಕತ್ಯಾರ."

"ಎಷ್ಟು ಛಲೋ ಎಳೀ ಕಾಯಿ ಅವ," ಎಂದು ಸುಂದರಾಬಾಯಿ ಮೊರ ಒಡ್ಡಿದ್ದರಷ್ಟೆ. ಎತ್ತು ಬಿಟ್ಟು ಓಡಿಬಂದ ರಾಯರು ನಡುವೆ ನುಗ್ಗಿದರು.

"ಇಸಕೋಬ್ಯಾಡ, ಇಸಕೋಬ್ಯಾಡ. ಇದು ಪಾಲು."

"ಯಾವ ಪಾಲು? ಪಲ್ಯ ಇದು."

"ಇವತ್ತ ಬದನೀಕಾಯಿ ಇಸಕೊಂಡಿ ಅಂದ್ರ ನಾಳೆ ಕೋರ್ಟಿನಾಗ ಏನಂತಾರ? ಫಸಲಿನ ಪಾಲು ಕೊಟ್ಟೀವಿ, ಇವರು ಮಾಲಕರು, ನಾವು ಕುಳ ಅಂತಾರ."

ಬಾಯವ್ವನಿಗೆ ಒಂದೂ ತಿಳಿಯಲಿಲ್ಲ. "ದುಡದವರಿಗೆ ಕೊಡೂದು ನಮ್ಮ ಪದ್ಧತಿರಿ," ಎಂದು ಬುಟ್ಟಿಯನ್ನು ಅಲ್ಲಿಯೇ ಇಳಿಸಿದಳು. ಕೊನೆಗೆ ರಾಯರು ಒಂದು ಬಟ್ಟಲು ಬೆಲ್ಲ ಬಲವಂತವಾಗಿ ಅವಳ ಉಡಿಗೆ ಸುರಿದು, "ಇದು ಕೊಂಡದ್ದು, ಕೊಂಡದ್ದು," ಎಂದು ಗಟ್ಟಿಯಾಗಿ ಹೇಳಿದ ಮೇಲೆಯೇ ಬದನೆಕಾಯಿ ಒಳಗೆ ಹೋದವು. ಅಷ್ಟೊತ್ತಿಗೆ ಗಾಣದೆತ್ತು ತಾನಾಗಿಯೇ ಇನ್ನೂ ಎರಡು ಜಿಲೇಬಿ ಬರೆದಿತ್ತು.

ಮಧ್ಯಾಹ್ನದ ಹೊತ್ತಿಗೆ ಬಂಡಿದಾರಿಯಲ್ಲಿ ಗೆಜ್ಜೆ ಸದ್ದು ಕೇಳಿತು. ರಾಯರು ನೋಡುತ್ತಾರೆ, ಮುದಕಪ್ಪನ ಹಿಂದೆ ಊರಿನ ದೊಡ್ಡ ಒಕ್ಕಲಿಗ ಶಟ್ಟೆಪ್ಪ, ಅವನ ಹಿಂದೆ ದುರ್ಗಪ್ಪ, ಲಗಮಣ್ಣ. ಎಲ್ಲರೂ ಎತ್ತು ಹೂಡಿಕೊಂಡೇ ಬರುತ್ತಿದ್ದಾರೆ. ದಂಡು ಬಂತು ಎಂದು ರಾಯರು ಬದುವಿನ ಮೇಲೆ ಕೈಕಾಲು ಅಗಲಿಸಿ ನಿಂತರು. ದಂಡು ಅವರ ಮುಂದಿನಿಂದ ಹಾದು, ನಮಸ್ಕಾರ ಮಾಡಿ, ಗುಡಿಸಲ ಹಿಂದಿನ ಹೊಲಕ್ಕೆ ಇಳಿಯಿತು.

ರಾಯರ ಜೀವ ತಿರುಗಿ ಗೂಡಿಗೆ ಬಂತು.

"ಅವರದು ಮುಯ್ಯಿ ಅಂತ," ಎಂದರು ಸುಂದರಾಬಾಯಿ. "ಬಾಯವ್ವ ಹೇಳಿದಳು. ಇವತ್ತ ನೀ ನನ್ನ ಹೊಲಕ್ಕ ದುಡಿ, ನಾಳೆ ನಾ ನಿನ್ನ ಹೊಲಕ್ಕ. ಕೂಲಿ ಇಲ್ಲ ಏನಿಲ್ಲ. ನೀವೂ ನಾಕು ಮಂದೀನ್ನ ಕರೀರಲ್ಲ. ನಿಮ್ಮ ಅಂಗೈ ನೋಡಿಕೊಂಡೀರಿ?"

"ಮುಯ್ಯಿ ಅಂತ ಒಳಗ ಬರ್ತಾರ, ಕುಳ ಅಂತ ಕೂತು ಬಿಡ್ತಾರ. ನಿನಗ ಮಂದಿ ಗೊತ್ತಿಲ್ಲ."

ಹಿಂದಿನ ಹೊಲದಲ್ಲಿ ರಂಟೆಗಳು ಬಾಚಣಿಗೆಯಿಂದ ಬಾಚಿದ ಹಾಗೆ ಸಾಲು ಎಳೆಯುತ್ತಿದ್ದವು. ಸಂಜೆ ಇಳಿಯುವಾಗ ಶಟ್ಟೆಪ್ಪ ಅಲ್ಲಿಂದಲೇ ಕೂಗಿದ:

"ಹ್ಯಾಂಗೈತ್ರಿ ರಾಯರ, ನಮ್ಮ ಕೆಲಸ?"

"ಛಲೋ ಅದ, ಭಾಳ ಛಲೋ ಅದ," ಎಂದು ರಾಯರು ಉತ್ಸಾಹದಿಂದ ಕೂಗಿದರು. ಅವರು ಅಲ್ಲಿದ್ದಷ್ಟು ಹೊತ್ತು ಇಲ್ಲಿಗೆ ಬರುವುದಿಲ್ಲವಲ್ಲ. "ಒಂದು ಗೇಣು ಬಿಡಬ್ಯಾಡ್ರಿ. ಪೂರಾ ಮುಗಿಸೇ ಹೋಗ್ರಿ."

ಅವರು ಪೂರಾ ಮುಗಿಸಿ ಬದುವಿನ ಮೇಲೆ ಎಲೆಯಡಿಕೆ ಹಾಕುತ್ತ ಕುಳಿತಾಗ ತಲಾಟಿಯ ಸೈಕಲ್ಲು ಬಂತು. ರಾಯರು ಬೊಬ್ಬೆ ಎದ್ದ ಎರಡೂ ಅಂಗೈಗಳನ್ನು ಮಂಗಳಾರತಿಯ ತಟ್ಟೆಯ ಹಾಗೆ ಮುಂದೆ ಹಿಡಿದು ಹೋದರು.

"ನೋಡ್ರಿ ಸಾಹೇಬ್ರ. ಬೆಳಿಗ್ಗಿನಿಂದ ಒಬ್ಬಾಂವನಽ. ಇಷ್ಟು ಮಂದಿ ಸಾಕ್ಷಿ ಇದ್ದಾರ, ಈ ಹೊಲದಾಗ ಯಾರರೆ ಕಾಲಿಟ್ಟಾರೇನು ಕೇಳ್ರಿ."

"ಇಟ್ಟಿಲ್ರಿ. ಇಡಲಿಕ್ಕೇ ಬಿಡಲಿಲ್ಲ ಅವರು," ಎಂದು ಮುದಕಪ್ಪ ಅಭಿಮಾನದಿಂದ ಸಾಕ್ಷಿ ನುಡಿದ.

ತಲಾಟಿ ಜಿಲೇಬಿಗಳನ್ನು ನೋಡಿದ, ನಕಾಶೆ ಬಿಚ್ಚಿದ, ಸೂರ್ಯನನ್ನು ನೋಡಿ ನಕಾಶೆ ತಿರುಗಿಸಿದ.

"ಕೆಲಸ ಮಾಡೀರಿ, ಖರೆ. ಆದರ ರಾಯರ, ಇದು ಮುದಕಪ್ಪನ ಹೊಲ ಅಲ್ಲೇನ್ರಿ?"

"ಹೌದ್ರಿ, ನಂದಽ," ಎಂದ ಮುದಕಪ್ಪ. "ಕರೀಲಾರದ ತಾವಽ ಮುಯ್ಯಿ ಬಂದಾರ್ರಿ ರಾಯರು. ನನಗ ಒಂದು ಸಾಲು ಸೈತ ಹೊಡೀಲಿಕ್ಕೆ ಬಿಡಲಿಲ್ಲ. ನನ್ನ ರಂಟಿ ಒಯ್ದು ಅವರ ಹೊಲದಾಗ ಇಟ್ಟು, ಅಲ್ಲಿ ಕೆಲಸ ಐತಿ ಅಂದ್ರು. ದೊಡ್ಡವರು ಅಷ್ಟು ಅಂದ ಮ್ಯಾಲ ನಾವು ಸುಮ್ಮ ಕುಂದ್ರೂದು ಛಲೋ ಏನ್ರಿ? ಎಲ್ಲಾರನ್ನೂ ಕರಕೊಂಡು ಬಂದೆ."

ರಾಯರ ಅಂಗೈಗಳು ತಾವಾಗಿ ಕೆಳಗಿಳಿದವು. ಸಂಗಪ್ಪ ಹೊಲದ ಅಂಚಿಗೆ ಗುಡಿಸಲು ಹಾಕಿ, ಪೂರ್ವಕ್ಕೆ ಇರಲೆಂದು ಬಾಗಿಲನ್ನು ಮುದಕಪ್ಪನ ಹೊಲದ ಕಡೆಗೆ ಇಟ್ಟಿದ್ದ. ಬಾಗಿಲ ಮುಂದಿನದೇ ತಮ್ಮದು ಎಂದು ರಾಯರು ತಿಳಿದರು. ಯಾರನ್ನಾದರೂ ಕೇಳಬಹುದಿತ್ತು, ಆದರೆ ತನ್ನ ಹೊಲ ಯಾವುದೆಂದು ಕೇಳುವ ಮಾಲಕನಿಗೆ ಯಾರಾದರೂ ಹೊಲ ಉಳಿಸಿಯಾರೇ ಎಂಬ ಸಂಶಯದಿಂದ ಕೇಳಿರಲಿಲ್ಲ.

"ಮತ್ತ ನಿಮ್ಮ ಹೊಲ ಹೊಡದವರು ಯಾರು?" ಎಂದ ತಲಾಟಿ.

"ನಾವರಿ," ಎಂದು ಬದುವಿನ ಮೇಲಿದ್ದವರೆಲ್ಲ ಒಟ್ಟಿಗೆ ಎದ್ದು ನಿಂತರು. "ಒಂದು ಗೇಣು ಬಿಡಬ್ಯಾಡ್ರಿ ಅಂತ ಅವರಽ ಕೂಗಿ ಹೇಳ್ಯಾರ," ಎಂದು ಶಟ್ಟೆಪ್ಪ ಸೇರಿಸಿದ.

ತಲಾಟಿ ಪೆನ್ಸಿಲ್ಲಿನಿಂದ ತಲೆ ಕೆರೆದುಕೊಂಡ. "ಹಂಗಾದ್ರ ಕಾಯ್ದೆ ಪ್ರಕಾರ ರಾಯರು ಮುದಕಪ್ಪನ ಕುಳ. ನೀವೆಲ್ಲಾ ರಾಯರ ಕುಳ."

ಆ ಮಾತು ಬಿದ್ದ ಕ್ಷಣದಿಂದ ಬದುವಿನ ಗಾಳಿಯೇ ಬದಲಾಯಿತು. ಮುದಕಪ್ಪ ರಾಯರ ಪಕ್ಕದಿಂದ ಸರಿದು ತನ್ನ ಹೊಲಕ್ಕೆ ಅಡ್ಡ ನಿಂತ. ಬೆಳಿಗ್ಗೆ ರಾಯರು ಕೈ ಮುಗಿದದ್ದು ಯಾಕೆಂದು ಅವನಿಗೆ ಈಗ ಹೊಳೆಯುತ್ತಿದ್ದ ಹಾಗಿತ್ತು. ದುರ್ಗಪ್ಪ, ಲಗಮಣ್ಣ ಇಬ್ಬರೂ ಹಿಂದಿನ ಹೊಲವನ್ನು ಇದೇ ಮೊದಲ ಸಲ ನೋಡುವವರಂತೆ ನೋಡತೊಡಗಿದರು.

"ಸಾಹೇಬ್ರ, ಮುಯ್ಯಿ ಅದು," ಎಂದು ರಾಯರು ತಡಬಡಿಸಿದರು. "ಬರೇ ಮುಯ್ಯಿ. ಕುಳ ಗಿಳ ಏನಿಲ್ಲ."

"ಮುಯ್ಯಿ ಅಂದ್ರ ತೀರಸಬೇಕಲ್ರಿ. ಮುದಕಪ್ಪಂದು ಇವತ್ತ ತೀರ್ತು. ಉಳದವರ ಹೊಲಕ್ಕೂ ಹೋಗಿ ದುಡದ ಬರ್ರಿ. ಮುಂದಿನ ಸಲ ನಾ ಬಂದಾಗ ಇವರೆಲ್ಲಾ ತೀರ್ತು ಅಂದ್ರ, ನಿಮ್ಮ ಹೊಲ ಸ್ವಂತ ಸಾಗುವಳಿ ಅಂತ ಬರೀತೀನಿ. ತೀರಿಲ್ಲ ಅಂದ್ರ ಇವರು ಕುಳ."

ತಲಾಟಿ ಸೈಕಲ್ ಹತ್ತಿ ಹೋದ. ಲಗಮಣ್ಣನ ಹೊಲ ಗುಡ್ಡದ ಬುಡಕ್ಕೆ, ದುರ್ಗಪ್ಪನದು ಹಳ್ಳದಾಚೆಗೆ. ಶಟ್ಟೆಪ್ಪನ ಹೊಲ ನಿಂತಲ್ಲಿಂದ ಮಲಪ್ರಭೆಯ ದಂಡೆಯ ತನಕ ಕಾಣುತ್ತಿತ್ತು. ತಮ್ಮ ಹೊಲವೊಂದನ್ನು ಬಿಟ್ಟು ಊರ ಹೊಲವನ್ನೆಲ್ಲ ಉತ್ತರೆ ರಾಯರ ಸ್ವಂತ ಸಾಗುವಳಿ ಪಕ್ಕಾ ಆಗುವುದಿತ್ತು. ಗಾಣದೆತ್ತು ನೊಗ ಕಳಚಿದರೂ ನಿಂತಲ್ಲೇ ತಿರುಗುತ್ತಿತ್ತು.

"ನಾಳೆ ನಮ್ಮ ಕಡೆ ಬರ್ತೀರಲ್ರಿ ರಾಯರ?" ಎಂದು ಕೇಳಿದ ಶಟ್ಟೆಪ್ಪ.

"ಬರ್ತೀನ್ರಿ," ಎಂದರು ರಾಯರು ಸಣ್ಣ ದನಿಯಲ್ಲಿ.

ಶಟ್ಟೆಪ್ಪ ಎತ್ತು ಹೊಡೆದುಕೊಂಡು ನಾಲ್ಕು ಮಾರು ಹೋದವನು ನಿಂತ. ಏನನ್ನೋ ಯೋಚಿಸಿ ತಿರುಗಿ ಬಂದು, ರಾಯರನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದ.

"ಒಂದು ಮಾತರಿ. ಹೊಲಾ ಹುಡಿಕ್ಕೊಂಡು ನೀವಽ ಬರಬ್ಯಾಡ್ರಿ. ನಾನಽ ಬಂದು ಕರಕೊಂಡು ಹೋಗತೇನಿ. ನಾ ಬರೂತನಾ ಯಾವ ಹೊಲಕ್ಕೂ ಕಾಲಿಡಬ್ಯಾಡ್ರಿ."