ವಾಂತಿ ನಿಂತ ಮೇಲೆ

ಮನೆಯಲ್ಲಿ ಒಬ್ಬಳು ಬಸುರಿಯಿದ್ದರೆ ಕೂಸಿಗಿಂತ ಮೊದಲು ನಗು ಹುಟ್ಟುತ್ತದೆ, ಅದೂ ವಾರಕ್ಕೊಂದರಂತೆ. ಎಂಬತ್ತರ ದಶಕದಲ್ಲಿ ನಾನು ನರೋಣಾದ ಶಾಲೆಯಲ್ಲಿ ಟೀಚರ್ ಆಗಿದ್ದೆ. ನಮ್ಮ ಮನೆಯವರದು ಅಲ್ಲೇ ರೇಡಿಯೋ ರಿಪೇರಿ ಅಂಗಡಿ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ, ಅಷ್ಟೇ. ಹಿಂದಿನ ವರ್ಷ ಒಂದು ಬಸುರು ಮೂರು ತಿಂಗಳು ತುಂಬುವ ಮೊದಲೇ ಹೋಗಿಬಿಟ್ಟಿತ್ತು. ಹಾಗಾಗಿ ಈ ಸಲ ನಾಲ್ಕನೇ ತಿಂಗಳಿಗೆ ಬಿದ್ದಾಗ ಮೂವರಿಗೂ ಖುಷಿಗಿಂತ ಹೆದರಿಕೆಯೇ ಹೆಚ್ಚು. ಮೂವರೂ ಹೆದರಿಕೊಂಡಿದ್ದ ಆ ಮನೆಯಲ್ಲಿ ನಡೆದದ್ದು ಇದು.

ಗುಟ್ಟು

ಐದು ತಿಂಗಳು ತುಂಬುವತನಕ ಯಾರಿಗೂ ತಿಳಿಯಬಾರದೆಂದು ಅತ್ತೆಯ ಕಟ್ಟಪ್ಪಣೆ. "ಜನರ ಕಣ್ಣು ಚಲೋ ಇರಂಗಿಲ್ಲ. ಬಾಯಿ ಹೊಲ್ಕೊಂಡು ಇರು" ಅಂದಿದ್ದರು. ನಾನು ಶಾಲೆಯಲ್ಲೂ ತುಟಿ ಬಿಚ್ಚಲಿಲ್ಲ.

ಒಂದು ದಿನ ಮೀಟಿಂಗಿಗೆಂದು ಆಳಂದದ ಬಸ್ಸು ಹತ್ತಿದೆ. ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರ್ ಮುಂದಿನ ಸೀಟಿನವನ ಭುಜ ತಟ್ಟಿದ. "ಏಳಪ್ಪಾ, ಟೀಚರ್ ಕೂಡ್ಲಿ. ಅವರಿಗೆ ನಾಕರಾಗ ಬಿದ್ದದ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ನಿಮಗ ಯಾರು ಹೇಳಿದ್ರಿ?" ಅಂತ ಮೆಲ್ಲಗೆ ಕೇಳಿದೆ.

"ನಿಮ್ಮ ಅತ್ತೀನ ಹೇಳ್ಯಾರ್ರಿ. ಯಾರ ಮುಂದನೂ ಹೇಳಬ್ಯಾಡ ಅಂತ ಆಣಿ ಹಾಕ್ಯಾರ. ಅದಕ್ಕ ನಾ ಬಸ್ಸಿನ್ಯಾಗ ಇದ್ದೋರಿಗೆ ಅಷ್ಟ ಹೇಳೀನಿ."

ಸಂಜೆ ಮನೆಗೆ ಬಂದು ಅತ್ತೆಯನ್ನು ಕೇಳಿದೆ. ಅವರು ಜೋಳ ಹಸನು ಮಾಡುತ್ತ ತಲೆ ಕೂಡ ಎತ್ತಲಿಲ್ಲ. "ಒಬ್ಬೊಬ್ಬರಿಗೇ ಕರದು ಹೇಳೀನಿ. ಇಬ್ಬರು ಕೂಡಿ ನಿಂತಲ್ಲಿ ಒಮ್ಮಿನೂ ಬಾಯಿ ಬಿಟ್ಟಿಲ್ಲ" ಅಂದರು.

ಔಷಧ

ಮೊದಲ ಮೂರು ತಿಂಗಳು ನಾನು ಕುಡಿದ ನೀರನ್ನೂ ಕಾರಿಕೊಂಡವಳು. ಅತ್ತೆ ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ತಂಬಿಗೆ ಹಿಡಿದು ನನ್ನ ಹಿಂದೆಯೇ ಓಡಾಡುತ್ತಿದ್ದರು. ನಾಲ್ಕರಲ್ಲಿ ಒಂದು ಬೆಳಿಗ್ಗೆ ಎದ್ದೆ, ವಾಂತಿ ಇಲ್ಲ. ಬದಲಿಗೆ ಹೊಟ್ಟೆಯಲ್ಲಿ ಬೆಂಕಿಯಂಥ ಹಸಿವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಎಲ್ಲ ಮುಗಿಸಿ ಇನ್ನೇನಿದೆ ಅಂತ ಡಬ್ಬಿ ತಡಕಿದೆ.

ಅತ್ತೆಯ ಮುಖ ಕಪ್ಪಿಟ್ಟಿತು. ಹೋದ ಸಲವೂ ವಾಂತಿ ನಿಂತ ಮೇಲೆಯೇ ಬಸುರು ಹೋಗಿತ್ತು. ಅವತ್ತೇ ನನ್ನನ್ನು ಆಳಂದದ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದರು.

"ನಮ್ಮ ಸೊಸಿ ವಾಂತಿ ಮಾಡವಲ್ಲಳ್ರಿ. ಏನರ ಔಷಧ ಕೊಡ್ರಿ."

"ವಾಂತಿ ನಿಲ್ಲಾಕ?"

"ಅಲ್ರಿ, ಆಗಾಕ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ನನ್ನನ್ನು ಮಲಗಿಸಿ ಹೊಟ್ಟೆ ಮುಟ್ಟಿ ನೋಡಿ, ಎಲ್ಲ ಸರಿಯಾಗಿದೆ ಅಂದರು. ನಾಲ್ಕರಲ್ಲಿ ವಾಂತಿ ಕಡಿಮೆಯಾಗಿ ಹಸಿವು ಹೆಚ್ಚುತ್ತದೆ, ಮೈಗೆ ಸ್ವಲ್ಪ ಗೆಲುವು ಬರುತ್ತದೆ, ಐದರ ಹೊತ್ತಿಗೆ ಕೂಸು ಹೊರಳಾಡುವುದು ತಿಳಿಯುತ್ತದೆ ಅಂತ ಸಮಾಧಾನವಾಗಿ ಹೇಳಿದರು. ಅತ್ತೆ ಎಲ್ಲ ಕೇಳಿಸಿಕೊಂಡರು, ಕೈ ಮುಗಿದರು, ಬಾಗಿಲತನಕ ಹೋಗಿ ತಿರುಗಿ ಬಂದರು.

"ಖರೇ ಅದ್ರಿ ಡಾಕ್ಟರಬಾಯಿ. ಆದ್ರ ನನ್ನ ಸಮಾಧಾನಕ್ಕ ಒಮ್ಮಿ, ಒಂದ ಒಮ್ಮಿ ವಾಂತಿ ಮಾಡಸ್ರಿ."

ಸ್ಟೇಷನ್

ಐದು ಹಿಡಿಯಿತು. ಕೂಸು ಅಲುಗಾಡಿದ್ದು ಮಾತ್ರ ತಿಳಿಯಲಿಲ್ಲ. ಶಾಲೆಯಿಂದ ಬಂದರೆ ಅತ್ತೆ, "ಒದೀತೇನು?" ಅನ್ನುವರು. ಅಂಗಡಿಯಿಂದ ಬಂದರೆ ಇವರು, "ಒದೀತೇನು?" ಅನ್ನುವರು. ನಾನು ಇಲ್ಲ ಅಂದಾಗಲೆಲ್ಲ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಬೇರೆ ಮಾತು ತೆಗೆಯುವರು.

ಒಂದು ಮಧ್ಯಾಹ್ನ ಇವರು ಅಂಗಡಿಯಿಂದ ಒಂದು ಮೈಕು, ಒಂದು ಸ್ಪೀಕರು ಹೊತ್ತು ತಂದರು. ನನ್ನನ್ನು ಮಲಗಿಸಿ ಮೈಕನ್ನು ಹೊಟ್ಟೆಯ ಮೇಲಿಟ್ಟರು. ವೈರು ಸೇರಿಸಿ ಗುಂಡಿ ತಿರುವಿದರೆ ಮನೆ ತುಂಬ ಗುಡುಗುಡು ಸದ್ದು.

"ಸಿಕ್ತು" ಅಂದರು ಇವರು. ಕಣ್ಣಲ್ಲಿ ನೀರು. ಅತ್ತೆ ಸ್ಪೀಕರಿಗೇ ಕೈ ಮುಗಿದರು.

ಪಕ್ಕದ ಮನೆಯ ಖಾಲಾ ಗೋಡೆಯಾಚೆಯಿಂದ ಕೇಳಿಸಿಕೊಂಡು ಓಡಿ ಬಂದರು. ಹತ್ತು ಹೆತ್ತ ಹೆಂಗಸು. ಸೊಂಟಕ್ಕೆ ಕೈಕೊಟ್ಟು ಸ್ವಲ್ಪ ಹೊತ್ತು ಆಲಿಸಿದರು. "ಅರೇ ಬೇಟಾ, ಇದು ಕೂಸಲ್ಲೋ. ಮುಂಜಾನೆ ನಾ ಕೊಟ್ಟ ಪುಂಡಿಪಲ್ಯ."

ಇವರು ಸೋತ ಮುಖದಲ್ಲಿ ವೈರು ಸುತ್ತಿಕೊಂಡರು. "ಸ್ಟೇಷನ್ ಅಂತೂ ಚಾಲೂ ಅದ" ಅಂತ ತಮಗೆ ತಾವೇ ಹೇಳಿಕೊಂಡು ಅಂಗಡಿಗೆ ಹೋದರು.

ಕಳ್ಳ ಕುಬಸ

ಐದರಲ್ಲಿ ತವರಿನವರು ಸದ್ದಿಲ್ಲದೆ ಬಂದು, ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವುದಕ್ಕೆ ನಮ್ಮಲ್ಲಿ ಕಳ್ಳ ಕುಬಸ ಅನ್ನುತ್ತಾರೆ. ಕರೆಯುವುದಿಲ್ಲ, ಸಾರುವುದಿಲ್ಲ. ನಮ್ಮ ತವರಿನ ಪದ್ಧತಿಯಲ್ಲಂತೂ ಅತ್ತೆಗೇ ಗೊತ್ತಾಗಬಾರದು. ಗೊತ್ತಾದರೂ ಗೊತ್ತಿಲ್ಲದಂತಿರಬೇಕು.

ಅಫಜಲಪುರದ ಕಡೆಯಿಂದ ನಮ್ಮವ್ವ ಗಂಟು ಸೆರಗಲ್ಲಿ ಮುಚ್ಚಿಕೊಂಡು ಬಂದಳು. ಅತ್ತೆ ಗೋಡೆ ಕಡೆ ಮುಖ ಮಾಡಿ, "ನನಗ ಏನೂ ಗೊತ್ತಿಲ್ಲವ್ವ" ಅಂತ ಅಡುಗೆಮನೆ ಹೊಕ್ಕು ಬಾಗಿಲು ಹಾಕಿಕೊಂಡರು. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು.

ನಾನು ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದೇ ತಡ, ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಒಬ್ಬಳಿಗೆ ಹಾಲಿಗೆ ಹೆಪ್ಪು ಬೇಕಿತ್ತು. ಒಬ್ಬಳ ಕೋಳಿ ಕಳೆದಿತ್ತು. ಖಾಲಾ ಮಾತ್ರ ಸಕ್ಕರೆ ತುಂಬಿದ ಬಟ್ಟಲು ಹಿಡಿದುಕೊಂಡೇ ಬಂದು, "ನಾ ಸುಮ್ನ ಬಂದೀನಿ" ಅಂತ ಮುಂದೆಯೇ ಕೂತರು. ಹೆಪ್ಪು ಕೇಳಿದವಳು ಸೋಬಾನೆ ಶುರು ಮಾಡಿದಳು.

ಅವ್ವ ಉಡಿಗೆ ಅಕ್ಕಿ, ಉತ್ತತ್ತಿ, ಕೊಬ್ಬರಿ ಹಾಕುತ್ತಿದ್ದಳು. ಆಗ ಹೊಟ್ಟೆಯೊಳಗಿನಿಂದ ಯಾರೋ ಬೆರಳಲ್ಲಿ ಮೆಲ್ಲಗೆ ತಟ್ಟಿದಂತಾಯಿತು. ನಾನು ಉಸಿರು ಹಿಡಿದೆ. ಮತ್ತೊಮ್ಮೆ ತಟ್ಟಿತು. ನನಗೆ ಅಳುವೇ ಬಂದುಬಿಟ್ಟಿತು. ಹಾಡು ನಿಂತಿತು.

"ಕ್ಯಾ ಹುವಾ ಬೇಟೀ?" ಅಂದರು ಖಾಲಾ.

"ಒದೀತು" ಅಂದೆ.

ಅಡುಗೆಮನೆಯ ಬಾಗಿಲು ಧಡ್ ಅಂತ ತೆರೆಯಿತು. ಕೈತುಂಬ ಹೂರಣ ಮೆತ್ತಿಕೊಂಡು ಅತ್ತೆ ನಡುಮನೆಗೆ ಬಂದು ನಿಂತಿದ್ದರು. "ಯಾವ ಕಡಿ? ಎಲ್ಲಿ ಒದೀತು?"

ಎಲ್ಲರೂ ಅವರನ್ನೇ ನೋಡಿದರು. ಅತ್ತೆಗೆ ಪದ್ಧತಿ ನೆನಪಾಯಿತು. "ನಾ ಏನೂ ನೋಡಿಲ್ಲ" ಅಂದವರೇ ತಿರುಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಕೈ ತೊಳೆದ ಸದ್ದು ಕೇಳಿಸಿತು. ಬಾಗಿಲು ಒಂದು ಗೇಣು ತೆರೆದು ಒದ್ದೆ ಕೈಯೊಂದು ಹೊರಬಂತು. "ಬೀಗತಿ, ಹುಡುಗೀನ ಸ್ವಲ್ಪ ಈ ಕಡಿ ಸರಸ್ರಿ. ನಾ ಬಂದಿಲ್ಲ. ಕೈ ಅಷ್ಟ ಬಂದದ."

ಅವ್ವ ನನ್ನನ್ನು ಮಣೆಸಮೇತ ಬಾಗಿಲ ಹತ್ತಿರ ಸರಿಸಿದಳು. ಆ ಕೈ ಗಾಳಿಯಲ್ಲೇ ನನ್ನನ್ನು ತಡಕಾಡಿತು. ನಾನೇ ಹಿಡಿದು ಹೊಟ್ಟೆಯ ಮೇಲಿಟ್ಟುಕೊಂಡೆ. ಕೂಸು ಅಲ್ಲೇ ಒದ್ದಿತು. ಬಾಗಿಲ ಹಿಂದೆ ಅತ್ತೆ ಬಿಕ್ಕಿದ್ದು ಎಲ್ಲರಿಗೂ ಕೇಳಿಸಿತು. ಹೊರಗಿನವರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು.

ಖಾಲಾ ಮುಂದೆ ಬಂದು ಆ ಕೈಗೆ ಒಂದು ಹಿಡಿ ಸಕ್ಕರೆ ಹಾಕಿದರು. ಕೈ ಮುಚ್ಚಿಕೊಂಡು ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಖಾಲಿಯಾಗಿ ಹೊರಬಂದು ಮತ್ತೆ ನನ್ನ ಹೊಟ್ಟೆಯ ಮೇಲೆ ಕೂತಿತು.